ಆ ಖಾಲಿ ಪುಟಗಳನ್ನು ಕನ್ನಡಕ್ಕೆ ಕೊಡಿ!

ವಿಮಾನ ಹುಟ್ಟುವುದು ಕನ್ನಡ ನಾಡಿನಲ್ಲಿ. ಅದರ ಲೆಕ್ಕ ಮಾತ್ರ ಕನ್ನಡಿಗನಿಗೆ ತಿಳಿಯಬಾರದು! ಇದು ಯಾವ ನ್ಯಾಯ ಸ್ವಾಮಿ?

ಗೆಳೆಯರೇ, ನಾನು ಓದಿದ್ದು ಪಿಯುಸಿ. ನರಸಾಪುರದಲ್ಲಿ ಆಫ್‌ಸೆಟ್ ಪ್ರೆಸ್ ಇಟ್ಟುಕೊಂಡಿದ್ದೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಪಾಂಪ್ಲೆಟ್‌ಗಳ ನಡುವೆ ಕಳೆದೊಂದು ವರ್ಷ ವಿಮಾನಶಾಸ್ತ್ರದ ಕಂಪ್ಯೂಟರ್ ಲೆಕ್ಕಗಳ ಸಂಶೋಧನಾ ಪತ್ರಿಕೆಯೊಂದನ್ನೂ ಅಚ್ಚು ಹಾಕಿದೆ. ವರ್ಷಕ್ಕೆ ನಾಲ್ಕು ಸಂಚಿಕೆ. ಯಾವ ಸಂಸ್ಥೆಯದ್ದು ಎಂದು ಬರೆಯುವುದಿಲ್ಲ; ಅನ್ನ ಕೊಟ್ಟವರು.

ಇಂಥ ಪತ್ರಿಕೆ ನಡೆಸುವುದು ಹುಡುಗಾಟವಲ್ಲ. ಬಂದ ಲೇಖನವನ್ನು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸುತ್ತಾರೆ. ಅವರು ಒಂದು ರೂಪಾಯಿಯನ್ನೂ ಪಡೆಯದೆ ತಿಂಗಳುಗಟ್ಟಲೆ ಕೂತು ತಪ್ಪು ಹುಡುಕುತ್ತಾರೆ. ಸಮೀಕರಣದಲ್ಲಿ ಒಂದು ಮೈನಸ್ ಗುರುತು ಬಿಟ್ಟುಹೋದರೂ ಪ್ರೂಫ್ ವಾಪಸ್. ಆ ಶ್ರದ್ಧೆಗೆ ಕೈ ಮುಗಿಯುತ್ತೇನೆ. ಆದರೆ ನಾಲ್ಕು ಸಂಚಿಕೆಗಳಲ್ಲಿ ಕನ್ನಡದ ಒಂದಕ್ಷರ ಇರಲಿಲ್ಲ. ಲೇಖಕರ ಹೆಸರು ನೋಡಿದರೆ ಅರ್ಧದಷ್ಟು ನಮ್ಮ ಗೌಡರು, ಮೂರ್ತಿಗಳು, ಸ್ವಾಮಿಗಳೇ!

ಒಳಗೇನಿದೆ ಎಂದು ಒಬ್ಬ ಲೇಖಕರನ್ನೇ ಕೇಳಿದೆ. ರೆಕ್ಕೆಯ ಸುತ್ತಲಿನ ಗಾಳಿಯನ್ನು ಲಕ್ಷಾಂತರ ಪುಟ್ಟ ತುಂಡುಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ವೇಗವೆಷ್ಟು, ಒತ್ತಡವೆಷ್ಟು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದಂತೆ. ಒಂದೇ ಪ್ರೊಸೆಸರ್ ಮಾಡಿದರೆ ಬಹಳ ಹೊತ್ತು ಹಿಡಿಯುತ್ತದೆ. ಅದಕ್ಕೇ ಬೆಂಗಳೂರಿನ ಎನ್‌ಎಎಲ್‌ನಲ್ಲಿ 1986ರಲ್ಲಿ ಫ್ಲೋಸಾಲ್ವರ್ ಕಟ್ಟಿದರು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಅದು. ನಮ್ಮ ಬೈಂಡಿಂಗ್ ಹುಡುಗರು ಫಾರ್ಮ್‌ಗಳನ್ನು ಹಂಚಿಕೊಂಡು ಮಡಿಸುವ ಹಾಗೆ ಹಲವು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮುಗಿಸುತ್ತವೆ. ಕನ್ನಡದಲ್ಲಿ ಹೇಳಲು ಬಂತೋ ಇಲ್ಲವೋ?

ಆಗ ಎನ್‌ಎಎಲ್ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಕನ್ನಡದಲ್ಲಿ ವಿಜ್ಞಾನ ಬರೆದವರು. ಅದೇ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದರು. ಒಂದೊಂದೇ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ! ಈಗ ಯೂನಿಕೋಡ್ ಇದೆ, ಫಾಂಟ್ ಪುಕ್ಕಟೆ ಸಿಗುತ್ತದೆ, ಮನಸ್ಸೊಂದಿಲ್ಲ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿಯ ಎಂಜಿನಿಯರಿಂಗ್ ಪತ್ರಿಕೆಗೆ 1984ರಿಂದ ‘ಸಾಧನಾ’ ಎಂದು ಹೆಸರು. ಹೆಸರು ನಮ್ಮ ನಾಲಿಗೆಯದ್ದು, ಒಳಗೆಲ್ಲ ಇಂಗ್ಲಿಷು.

ಇಡೀ ಪತ್ರಿಕೆ ಕನ್ನಡದಲ್ಲೇ ಬರಲಿ ಎಂದು ನಾನು ಹಟ ಹಿಡಿದಿಲ್ಲ. ಜಪಾನಿನವನು, ಜರ್ಮನಿಯವನು ಓದಿ ತಪ್ಪು ಹೇಳಬೇಕಾದರೆ ಇಂಗ್ಲಿಷ್ ಇರಲಿ. ಕೆನಡಾದ ಅನೇಕ ಸಂಶೋಧನಾ ಪತ್ರಿಕೆಗಳಲ್ಲಿ ಇಂಗ್ಲಿಷ್ ಸಾರಾಂಶದ ಜೊತೆಗೇ ಫ್ರೆಂಚ್ ಸಾರಾಂಶ ಹಾಕುತ್ತಾರೆ. ನಾನು ಕೇಳುವುದೂ ಅಷ್ಟೇ: ಲೇಖನಕ್ಕೊಂದು ಪುಟ ಕನ್ನಡ.

ದುಡ್ಡೆಲ್ಲಿದೆ ಅನ್ನುತ್ತೀರಾ? ಪ್ರೆಸ್ಸಿನವನ ಲೆಕ್ಕ ಕೇಳಿ. ಕಳೆದ ಸಂಚಿಕೆ 90 ಪುಟಕ್ಕೆ ಮುಗಿಯಿತು. ಫಾರ್ಮ್‌ಗೆ 16 ಪುಟದಂತೆ ಆರು ಫಾರ್ಮ್ ಅಂದರೆ 96. ಕಾಗದ, ಪ್ಲೇಟು, ಬೈಂಡಿಂಗ್ ಎಲ್ಲಕ್ಕೂ ಹಣ ತೆತ್ತು ಕೊನೆಯ ಆರು ಪುಟ ಬೋಳು ಬಿಟ್ಟರು. ಇದ್ದ ಲೇಖನಗಳೂ ಆರೇ!

ಈ ಮಾತೆತ್ತಿದಾಗ ಅಲ್ಲಿಯ ಒಬ್ಬರು ನಕ್ಕರು. “ಕನ್ನಡದಲ್ಲಿ ಇದನ್ನ ಯಾರ್ರೀ ಓದ್ತಾರೆ?”

ಯಾರು ಓದುತ್ತಾರೆ? ನಮ್ಮ ಪಕ್ಕದ ವೇಮಗಲ್‌ನಲ್ಲಿ ಟಾಟಾದವರು ಜೋಡಿಸಿದ ಟಿಸ್ಯಾಟ್-1ಎ ಉಪಗ್ರಹ 2024ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಆಕಾಶಕ್ಕೆ ಹಾರಿತು. ಕೋಲಾರ, ಮಾಲೂರಿನ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರು ಕಂಪನಿ ಬಸ್ಸು ಹತ್ತುವ ಜಾಗ ಇದು. ಸ್ಕ್ರೂ ತಿರುಗಿಸುವ ಕೈಗೆ ಆ ಸ್ಕ್ರೂ ಅಲ್ಲೇ ಯಾಕಿದೆ ಎಂದು ತಿಳಿಯಬೇಡವೇ? ತಿಳಿಯದವನು ಕೊನೆಯವರೆಗೂ ಕಾಂಟ್ರ್ಯಾಕ್ಟ್ ಕೆಲಸಗಾರನೇ.

ಬೆಂಗಳೂರಿನಲ್ಲಿ ಎಂ.ಟೆಕ್, ಪಿಎಚ್.ಡಿ ಮಾಡುತ್ತಿರುವ ಕನ್ನಡದ ತಮ್ಮಂದಿರೇ, ತಂಗಿಯರೇ, ಮುಂದಿನ ಸಲ ಲೇಖನ ಕಳಿಸುವಾಗ ಜೊತೆಗೊಂದು ಪುಟ ಕನ್ನಡವನ್ನೂ ಲಗತ್ತಿಸಿ. ಗ್ರಿಡ್, ಪ್ರೊಸೆಸರ್ ಅನ್ನುವ ಮಾತುಗಳು ಹಾಗೇ ಇರಲಿ, ಅದಕ್ಕೆ ಸಂಸ್ಕೃತ ಹುಡುಕುತ್ತ ಕೂರಬೇಡಿ. ನನ್ನ ಪ್ರೆಸ್ಸಿಗೆ ಬರುವ ಪತ್ರಿಕೆಯಾದರೆ ಆ ಪುಟದ ಡಿಟಿಪಿ ಖರ್ಚು ನನ್ನದು, ಪ್ರೂಫ್ ನಾನೇ ನೋಡುತ್ತೇನೆ.