ದನಿ ಮಡಿಚುವ ಲೆಕ್ಕಕ್ಕೂ ಬಾಡಿಗೆ

ಹೊರಮಾವಿನ ನಮ್ಮ ಬೀದಿಯಲ್ಲಿ ಹೊರದೇಶದ ಮಕ್ಕಳೊಡನೆ ಮೊಬೈಲಿನಲ್ಲಿ ಮಾತನಾಡುವ ಮನೆಗಳು ಹಲವು. ‘ಇಂಟರ್‌ನೆಟ್ ಫೋನು ಪುಕ್ಕಟೆ ತಾನೆ ಮೇಷ್ಟ್ರೇ?’ ಎಂದು ಮೊನ್ನೆ ಪಾಲಕರೊಬ್ಬರು ಕೇಳಿದರು. ಡೇಟಾಗೆ ಕೊಡುವ ದುಡ್ಡು ಹಾಗಿರಲಿ, ಬಹಳ ವರ್ಷ ಆ ಮಾತಿನೊಳಗಿನ ಗಣಿತಕ್ಕೇ ಬಾಡಿಗೆ ಇತ್ತು.

ಲೆಕ್ಕ ನೋಡಿ. ಸಾಮಾನ್ಯ ಡಿಜಿಟಲ್ ದೂರವಾಣಿ ನಿಮ್ಮ ದನಿಯನ್ನು ಸೆಕೆಂಡಿಗೆ 8000 ಬಾರಿ ಅಳೆಯುತ್ತದೆ. ಪ್ರತಿ ಅಳತೆಗೆ 8 ಬಿಟ್, ಒಟ್ಟು 64,000. 1996ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಪ್ಪಿದ ‘ಜಿ.729’ ವಿಧಾನ ಇದನ್ನು 8000ಕ್ಕೆ ಇಳಿಸಿತು. ಹೇಗೆ? ಅದು ಧ್ವನಿಯ ಅಲೆಯನ್ನೇ ಕಳುಹಿಸುವುದಿಲ್ಲ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಮಾತನ್ನು ಹಿಡಿದು, ಗಂಟಲು, ಬಾಯಿ ಯಾವ ಆಕಾರದಲ್ಲಿದ್ದರೆ ಇಂಥ ಸದ್ದು ಬಂದೀತೆಂದು ಲೆಕ್ಕ ಹಾಕಿ, ಹೊಂದುವ ನಮೂನೆಗಳ ಸಂಖ್ಯೆಗಳನ್ನಷ್ಟೇ ರವಾನಿಸುತ್ತದೆ. ಆ ತುದಿಯ ಯಂತ್ರ ಅವುಗಳಿಂದ ದನಿಯನ್ನು ಮತ್ತೆ ಕಟ್ಟುತ್ತದೆ. ಜಾಣ ಕೆಲಸವೇ!

ಈ ಜಾಣತನಕ್ಕೆ ಪೇಟೆಂಟುಗಳಿದ್ದವು. ಫ್ರಾನ್ಸ್ ಟೆಲಿಕಾಂ, ಜಪಾನಿನ ಎನ್‌ಟಿಟಿ, ಕೆನಡಾದ ಶೆರ್‌ಬ್ರೂಕ್ ವಿಶ್ವವಿದ್ಯಾಲಯ ಮುಂತಾದವರ ಪರವಾಗಿ ಸಿಪ್ರೋ ಲ್ಯಾಬ್ ಎಂಬ ಸಂಸ್ಥೆ ಪರವಾನಗಿ ಕೊಡುತ್ತಿತ್ತು. ಭಾರತದಲ್ಲಿ ಇಂಟರ್‌ನೆಟ್ ದೂರವಾಣಿಗೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ರಿಂದ. ಆಗ ಡೇಟಾ ಸಂಪರ್ಕ ದುಬಾರಿ. ಎಂಟು ಪಟ್ಟು ಉಳಿತಾಯ ಯಾರಿಗೆ ಬೇಡ? ‘ಆಸ್ಟೆರಿಸ್ಕ್’ ಎಂಬ ದೂರವಾಣಿ ತಂತ್ರಾಂಶ ಉಚಿತವಾಗಿಯೇ ಸಿಗುತ್ತಿತ್ತು. ಆದರೆ ಅದರಲ್ಲಿ ಜಿ.729 ಬಳಸಲು ಡಿಜಿಯಂ ಕಂಪನಿ ಮಾರುತ್ತಿದ್ದ ಪರವಾನಗಿಗೆ ಚಾನೆಲ್ ಒಂದಕ್ಕೆ 10 ಡಾಲರ್. ಏಕಕಾಲಕ್ಕೆ ಮೂವತ್ತು ಕರೆಗಳೆಂದರೆ 300 ಡಾಲರ್. ದೊಡ್ಡ ಕಂಪನಿಗೆ ಚಿಲ್ಲರೆ, ಆಗಷ್ಟೇ ಬಾಗಿಲು ತೆರೆದ ಹುಡುಗರಿಗೆ ಅಲ್ಲ.

‘ಹಾಗಾದರೆ ಪೈಥಾಗೊರಸ್ ಪ್ರಮೇಯಕ್ಕೂ ದುಡ್ಡು ಕೇಳಬಹುದಾ ಸಾರ್?’ ಎಂದಳು ಒಂಬತ್ತನೇ ತರಗತಿಯ ಹುಡುಗಿ. ಇಲ್ಲ. ನಮ್ಮ ಪೇಟೆಂಟ್ ಕಾಯಿದೆಯ 3(ಕೆ) ಕಲಮು ಗಣಿತ ವಿಧಾನಕ್ಕೂ ಆಲ್ಗಾರಿದಮ್ಮಿಗೂ ಪೇಟೆಂಟ್ ಕೊಡುವುದಿಲ್ಲ. ಆದರೆ ಆ ಗಣಿತವನ್ನು ಯಂತ್ರದಲ್ಲಿ ಅಳವಡಿಸಿದರೆ? ಜಗಳ ಶುರುವಾಗುವುದೇ ಅಲ್ಲಿ. ಮೊಬೈಲಿನ ಧ್ವನಿ ಸಂಕೋಚನ ಸೇರಿದಂತೆ ಹಲವು ಪೇಟೆಂಟುಗಳ ಬಗ್ಗೆ ಎರಿಕ್ಸನ್ ಹೂಡಿದ್ದ ಮೊಕದ್ದಮೆಯಲ್ಲಿ ಇಂಟೆಕ್ಸ್ ಇದೇ ಕಲಮನ್ನು ಎತ್ತಿತ್ತು; 2015ರಲ್ಲಿ ದೆಹಲಿ ಹೈಕೋರ್ಟು ಮೇಲ್ನೋಟಕ್ಕೆ ಎರಿಕ್ಸನ್ ಪರ ನಿಂತಿತು.

ಕಂಡುಹಿಡಿದವರಿಗೆ ಪ್ರತಿಫಲ ಸಲ್ಲಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಊರಿಗೆಲ್ಲ ಇದೇ ಸೇತುವೆ ಎಂದು ನಿಗದಿ ಮಾಡಿದ ಮೇಲೆ ಸುಂಕದ ದರವನ್ನು ಸೇತುವೆಯ ಯಜಮಾನರಷ್ಟೇ ಗೊತ್ತುಮಾಡುವುದು ನನಗೆ ಸರಿಕಾಣದು.

ಪೇಟೆಂಟಿನ ಆಯುಸ್ಸು ಸಾಮಾನ್ಯವಾಗಿ 20 ವರ್ಷ. 2017ರ ಜನವರಿ 1ರ ಹೊತ್ತಿಗೆ ಜಿ.729ರ ಬಹುತೇಕ ಪೇಟೆಂಟುಗಳ ಅವಧಿ ಮುಗಿಯಿತು. ಅಷ್ಟರಲ್ಲಿ, 2012ರಲ್ಲೇ, ‘ಓಪಸ್’ ಎಂಬ ಇನ್ನೊಂದು ವಿಧಾನ ಬಂದಿತ್ತು, ರಾಯಧನವಿಲ್ಲದೆ ಬಳಸಲೆಂದೇ ರೂಪಿಸಿದ್ದು. ಬ್ರೌಸರಿನಲ್ಲಿ ನಿಮ್ಮ ಮಕ್ಕಳು ಆನ್‌ಲೈನ್ ಪಾಠ ಕೇಳುವಾಗ ಮೇಷ್ಟ್ರ ದನಿ ಬಹುಮಟ್ಟಿಗೆ ಅದರಲ್ಲೇ ಮಡಿಚಿಕೊಂಡು ಬರುತ್ತದೆ.