ಅಳುವವರ ಕೈಗೆ ಕತ್ತಿ ಕೊಡುವ ಕಥೆಗಳು

1947ರ ದೇಶವಿಭಜನೆಯನ್ನು ವಸ್ತುವಾಗಿಸಿಕೊಂಡ ಕಥೆ, ಕಾದಂಬರಿ, ಚಲನಚಿತ್ರಗಳಿಗೆ ಭಾರತದಲ್ಲಿ ಕೊರತೆಯಿಲ್ಲ. ಲಕ್ಷಾಂತರ ಜನ ಸತ್ತು, ಕೋಟಿಗೂ ಮಿಕ್ಕಿ ಜನ ಮನೆಮಠ ತೊರೆದ ಆ ದುರಂತವು ಬರೆಯುವವರನ್ನು ಕಾಡದೆ ಬಿಡುವುದೂ ಇಲ್ಲ. ಆದರೆ ಸತ್ತವರಿಗಾಗಿ ಅಳುವ ಕಥೆ ಬೇರೆ, ಸತ್ತವರನ್ನು ಮುಂದೊಡ್ಡಿ ಬದುಕಿರುವವರನ್ನು ಕೆರಳಿಸುವ ಕಥೆ ಬೇರೆ. ಎರಡನೆಯದು ಮೊದಲನೆಯದರ ವೇಷ ತೊಟ್ಟು ಮೆರೆಯುತ್ತಿರುವುದನ್ನು ಖಂಡಿಸದೆ ವಿಧಿಯಿಲ್ಲ.

ಅಂಥ ಕಥೆಯ ಹೂಟ ಸರಳವಾದದ್ದು. ಒಂದು ಪಕ್ಷದ ಹೆಣಗಳಿಗೆ ಹೆಸರುಂಟು, ತಾಯಿಯುಂಟು, ಬಾಲ್ಯವುಂಟು. ಇನ್ನೊಂದು ಪಕ್ಷದವು ಬರಿಯ ಹೆಣಗಳು. ಮಗನ ಶವದ ಮುಂದೆ ಕುಳಿತ ತಾಯಿ ಅತ್ತು ಮುಗಿಸುವ ಮೊದಲೇ ಕಥೆಗಾರನು ಅವಳನ್ನೆಬ್ಬಿಸಿ ಶಪಥ ಮಾಡಿಸುತ್ತಾನೆ. ಇದಕ್ಕೆ ದೇಶಭಕ್ತಿಯೆಂಬ ಹೆಸರು ಬೇರೆ!

ಭೀಷ್ಮ ಸಾಹನಿಯವರು ಹುಟ್ಟಿದ್ದು ರಾವಲ್ಪಿಂಡಿಯಲ್ಲಿ. 1947ರ ಮಾರ್ಚ್ ತಿಂಗಳಲ್ಲಿ ಅಲ್ಲಿ ನಡೆದ ಗಲಭೆಗಳನ್ನು ಅವರು ಹತ್ತಿರದಿಂದ ಕಂಡಿದ್ದರು. ಸೇಡಿನ ಕಥೆ ಬರೆಯಲು ಅವರಿಗಿದ್ದಷ್ಟು ಕಾರಣ ಇಂದು ಅಂಥವನ್ನು ಬರೆಯುತ್ತಿರುವ ಯಾರಿಗೂ ಇಲ್ಲ. 1970ರಲ್ಲಿ ಗಲಭೆಗೆ ತುತ್ತಾದ ಭಿವಂಡಿಗೆ ಹೋದಾಗ ಹಳೆಯ ನೆನಪುಗಳು ಮರುಕಳಿಸಿ, ಬಳಿಕ ಅವರಿಂದ ‘ತಮಸ್’ ಕಾದಂಬರಿ ಬಂದಿತು. 1975ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ದೊರೆಯಿತು. ಅದರ ಕೊನೆಯ ಭಾಗದಲ್ಲಿ ಪರಿಹಾರ ಸಮಿತಿಯ ಗುಮಾಸ್ತನೊಬ್ಬನಿದ್ದಾನೆ. ಸತ್ತವರೆಷ್ಟು, ನಷ್ಟವೆಷ್ಟು ಎಂಬ ಅಂಕಿಗಳಷ್ಟೇ ಅವನಿಗೆ ಬೇಕು. ಎದುರಿಗೆ ಬಂದು ನಿಂತವರಿಗೋ ಹೇಳಿಕೊಳ್ಳಬೇಕಾದುದು ಬೇರೆಯೇ ಇದೆ. ಬಾವಿಗೆ ಹಾರಿ ಸತ್ತ ಹೆಂಡತಿಯ ಮೈಮೇಲಿನ ಒಡವೆಯನ್ನು ಹೇಗಾದರೂ ತೆಗೆಸಿಕೊಡಿರೆಂದು ಬೇಡುವ ಗಂಡನೂ ಅವರಲ್ಲಿದ್ದಾನೆ. ಓದುಗನಿಗೆ ಹೇಸಿಗೆಯೂ ಮರುಕವೂ ಒಟ್ಟಿಗೇ ಬರುತ್ತವೆ. ಆ ಬಾವಿಯ ದಂಡೆಯ ಮೇಲೆ ಆತನನ್ನು ನಿಲ್ಲಿಸಿ ವೀರಭಾಷಣ ಮಾಡಿಸುವ ಆಸೆ ಸಾಹನಿಯವರಿಗೆ ಬರಲಿಲ್ಲ. ಶೋಕವು ಎಲ್ಲ ಕಾಲಕ್ಕೂ ನೋಡಲು ಚೆಂದವಾಗಿರುವುದಿಲ್ಲವೆಂದು ಅವರು ಬಲ್ಲರು.

ಗಡಿಯಾಚೆಯ ಲಾಹೋರಿನಲ್ಲಿ ಸಾದತ್ ಹಸನ್ ಮಂಟೋ ಬರೆದ ‘ಖೋಲ್ ದೋ’ ಕಥೆಯಲ್ಲಿ ಮುದಿತಂದೆಯೊಬ್ಬ ಕಳೆದುಹೋದ ಮಗಳನ್ನು ಹುಡುಕುತ್ತಾನೆ. ಅವಳನ್ನು ಹುಡುಕಿ ತರುವುದಾಗಿ ಮಾತುಕೊಟ್ಟ, ಅವರದೇ ಮತದ ಸ್ವಯಂಸೇವಕ ತರುಣರೇ ಅವಳನ್ನು ಹಾಳುಗೆಡಹುತ್ತಾರೆ. ಜೀವವಿಲ್ಲವೆಂದುಕೊಂಡ ದೇಹ ಅಲುಗಿದ್ದನ್ನು ಕಂಡು ತಂದೆ ಹಿಗ್ಗುತ್ತಾನೆ. ಆ ಹಿಗ್ಗಿಗಿಂತ ದೊಡ್ಡ ಗೋಳು ವಿಭಜನೆಯ ಸಾಹಿತ್ಯದಲ್ಲೇ ವಿರಳ. ಇದನ್ನು ಅಚ್ಚುಮಾಡಿದ ‘ನುಕೂಷ್’ ಪತ್ರಿಕೆಯನ್ನು ಸರಕಾರವು ಆರು ತಿಂಗಳು ನಿಲ್ಲಿಸಿತು. ತನ್ನವರ ತಪ್ಪನ್ನು ತೋರಿಸಿದ ಶೋಕ ಯಾವ ಸರಕಾರಕ್ಕೂ ಪಥ್ಯವಲ್ಲ.

ಹಳೆಯ ಗಾಯವನ್ನು ಕೆದಕಲೇಬಾರದು ಎನ್ನುವವರ ವಾದವೂ ನಿಲ್ಲತಕ್ಕದ್ದಲ್ಲ. 1988ರಲ್ಲಿ ಗೋವಿಂದ ನಿಹಲಾನಿಯವರ ‘ತಮಸ್’ ದೂರದರ್ಶನದಲ್ಲಿ ಬಂದಾಗ ಅದನ್ನು ತಡೆಯಲು ಕೆಲವರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು, ನ್ಯಾಯಾಲಯ ಒಪ್ಪಲಿಲ್ಲ. ಮುಚ್ಚಿಟ್ಟ ದುಃಖವೇ ಮುಂದೆ ಸೇಡಿನ ಕಥೆಗಾರನ ಬಂಡವಾಳವಾಗುವುದು.

ನೊಂದವನು ಮೊದಲು ತನ್ನವರಿಗಾಗಿ ಅಳಬಾರದೆ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅಳಲಿ, ನೊಂದ ತಾಯಿಯೊಡನೆ ಯಾರ ತಕರಾರೂ ಇಲ್ಲ. ತಕರಾರಿರುವುದು ಲೇಖಕನೊಡನೆ. ಎರಡೂ ಪಕ್ಷದ ಮನೆಗಳೊಳಕ್ಕೆ ಹೋಗಬಲ್ಲ ಕಲ್ಪನೆಯಿದ್ದೂ ಅವನು ಒಂದರ ಬಾಗಿಲಲ್ಲೇ ಕಾವಲು ನಿಲ್ಲುವುದೇಕೆ? ಸಾವಿರ ವರ್ಷಗಳ ಹಿಂದೆ ರನ್ನಕವಿಯು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಎಲ್ಲರೂ ಅಲ್ಲಿ ಬಿದ್ದಿದ್ದಾರೆ. ಆ ದುಃಖದ ನಡುವೆಯೂ ಆತ ಅಭಿಮನ್ಯುವಿನ ಶವದ ಬಳಿ ನಿಲ್ಲುತ್ತಾನೆ, ಹೊಗಳುತ್ತಾನೆ, ಅಂಥ ಸಾವು ತನಗೂ ಬರಲೆಂದು ಹಾರೈಸುತ್ತಾನೆ. ಆ ಹುಡುಗನನ್ನು ಸುತ್ತುವರಿದು ಕೊಂದವರು ದುರ್ಯೋಧನನ ಕಡೆಯವರೇ.