ರೋಗಿಯ ನಂಬಿಕೆಯೂ ಚಿಕಿತ್ಸೆಯ ತೃಪ್ತಿಯೂ

ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ವಿಧಿಸಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ರೋಗಿಯನ್ನು ಚಿಕಿತ್ಸೆಗೆ ಒಳಗಾಗುವ ಜಡವಸ್ತುವೆಂದೆಣಿಸದೆ ಚಿಕಿತ್ಸೆಯ ಅಂಗವೆಂದೇ ಗಣಿಸಿರುವುದು ಗಮನಾರ್ಹ. ಅವನಿಗೂ ನಾಲ್ಕು ಗುಣಗಳು ಬೇಕು: ಸ್ಮೃತಿ, ವೈದ್ಯನ ನಿರ್ದೇಶದಂತೆ ನಡೆಯುವಿಕೆ, ನಿರ್ಭೀತಿ, ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿ. ಅದೇ ಗ್ರಂಥದ ವಿಮಾನಸ್ಥಾನದಲ್ಲಿ ಆಯುಸ್ಸು ದೈವಾಧೀನವೋ ಪುರುಷಕಾರಾಧೀನವೋ ಎಂಬ ಚರ್ಚೆಯುಂಟು. ಅದು ಎರಡರ ಬಲಾಬಲವನ್ನು ಅವಲಂಬಿಸಿದೆಯೆಂಬುದು ಅಲ್ಲಿಯ ನಿರ್ಣಯ. ಎಲ್ಲವೂ ಮೊದಲೇ ನಿಯತವಾಗಿದ್ದರೆ ಔಷಧ, ಪಥ್ಯಗಳಿಗೆ ಪ್ರಯೋಜನವೇ ಇರದು.

ಇದೇ ಪ್ರಶ್ನೆಯನ್ನು ಆಧುನಿಕ ಮನಶ್ಶಾಸ್ತ್ರವು ಬೇರೆ ದಾರಿಯಿಂದ ಬಂದು ಎತ್ತಿಕೊಂಡಿತು. ಬದುಕಿನ ಫಲಾಫಲಗಳ ಹಿಡಿತ ತನ್ನ ಕೈಯಲ್ಲಿದೆಯೆಂದು ನಂಬುವವರು, ಹೊರಗಿದೆಯೆಂದು ನಂಬುವವರು ಎಂಬ ಭೇದವನ್ನು 1966ರಲ್ಲಿ ಅಮೆರಿಕದ ಜೂಲಿಯನ್ ರಾಟರ್ ವಿವರಿಸಿದರು. ಬಾರ್ಬರಾ ವಾಲ್‌ಸ್ಟನ್, ಕೆನೆತ್ ವಾಲ್‌ಸ್ಟನ್ ಮತ್ತವರ ಸಹೋದ್ಯೋಗಿಗಳು ಅದನ್ನು ಆರೋಗ್ಯಕ್ಕೆ ಅನ್ವಯಿಸಿ, 1978ರಲ್ಲಿ 18 ಹೇಳಿಕೆಗಳ ಮಾಪನವೊಂದನ್ನು ರೂಪಿಸಿದರು. ತಾನು, ವೈದ್ಯರೇ ಮೊದಲಾದ ಸಮರ್ಥರು, ಅದೃಷ್ಟ ಎಂಬ ಮೂರರಲ್ಲಿ ಯಾವುದರ ಮೇಲೆ ಎಷ್ಟು ನಂಬಿಕೆಯೆಂದು ಅದು ಅಳೆಯುತ್ತದೆ. ಕನ್ನಡಿಗರಿಗೆ ಇದು ಹೊಸತೇನಲ್ಲ. "ನನ್ನ ಪಥ್ಯ ನಾನೇ ನೋಡಿಕೊಳ್ಳಬೇಕು", "ಡಾಕ್ಟರು ಹೇಳಿದಂತಾಗಲಿ", "ಎಲ್ಲಾ ಹಣೆಬರಹ" ಎಂಬ ಮೂರು ಮಾತುಗಳೂ ಒಬ್ಬನ ಬಾಯಲ್ಲೇ ಒಂದೇ ದಿನ ಹೊರಡುವುದುಂಟು.

ಚಿಕಿತ್ಸೆಯ ತೃಪ್ತಿ ಔಷಧದ ಗುಣವೊಂದರಿಂದಲೇ ಹುಟ್ಟುವುದಿಲ್ಲವೆಂಬುದು ಇಲ್ಲಿಂದ ತಿಳಿಯುತ್ತದೆ. ತನ್ನ ಪಾತ್ರವಿದೆಯೆಂದು ನಂಬಿದವನಿಗೆ ವೈದ್ಯರು ತಲೆಯೆತ್ತದೆ ಚೀಟಿ ಬರೆದು ಕೊಟ್ಟರೆ, ಔಷಧ ಸರಿಯಾಗಿದ್ದರೂ ಮನಸ್ಸು ಒಪ್ಪದು. ವೈದ್ಯರನ್ನೇ ನೆಚ್ಚಿದವನ ಮುಂದೆ ಎರಡು ಮಾರ್ಗಗಳನ್ನಿಟ್ಟು "ನೀವೇ ನಿರ್ಧರಿಸಿ" ಎಂದರೆ ಅವನಿಗೆ ವೈದ್ಯರ ಪಾಂಡಿತ್ಯದ ಮೇಲೆಯೇ ಸಂಶಯ ಮೂಡುತ್ತದೆ. ಮೂರನೆಯವನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಎಲ್ಲವನ್ನೂ ವಿಧಿಗೆ ಒಪ್ಪಿಸಿದವನು ಏನನ್ನೂ ಕೇಳುವುದಿಲ್ಲ, ಹೋಗುವಾಗ "ಚೆನ್ನಾಗಿ ನೋಡಿದರು" ಎಂದೇ ಹೇಳಿಹೋಗುತ್ತಾನೆ. ಏನನ್ನೂ ನಿರೀಕ್ಷಿಸದವನ ತೃಪ್ತಿಯನ್ನು ಉತ್ತಮ ಚಿಕಿತ್ಸೆಗೆ ಪ್ರಮಾಣಪತ್ರವೆಂದು ಆಸ್ಪತ್ರೆಗಳು ಭಾವಿಸುವುದು ಆತ್ಮವಂಚನೆ.

ಎಲ್ಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಎಂಬ ವಿದುಷಿಯರು 1976ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಅಮೆರಿಕದ ಕನೆಕ್ಟಿಕಟ್ಟಿನ ವೃದ್ಧರ ಆರೈಕೆಗೃಹದಲ್ಲಿ ಒಂದು ಗುಂಪಿನವರಿಗೆ ತಮ್ಮ ದಿನಚರಿಯ ಹೊಣೆ ತಮ್ಮದೆಂದು ತಿಳಿಸಿ, ಸಾಕಲು ಒಂದೊಂದು ಗಿಡವನ್ನು ಕೊಟ್ಟರು. ಇನ್ನೊಂದು ಗುಂಪಿಗೂ ಗಿಡಗಳು ದೊರೆತವು, ಆದರೆ ನೀರೆರೆಯುವವರು ದಾದಿಯರು. ಮೊದಲ ಗುಂಪಿನವರು ಹೆಚ್ಚು ಉಲ್ಲಸಿತರೂ ಚುರುಕಾದವರೂ ಆಗಿ ಕಂಡುಬಂದರು. ನೂರು ಜನರಷ್ಟೂ ಇರದ ಚಿಕ್ಕ ಪ್ರಯೋಗವಾದ್ದರಿಂದ ಅದರ ಮೇಲೆ ದೊಡ್ಡ ಸೌಧವನ್ನು ಕಟ್ಟಲಾಗದು. ಆದರೂ ಗಿಡಕ್ಕೆ ನೀರೆರೆಯುವ ಕೈ ಯಾರದೆಂಬುದು ಅಲ್ಪವಿಷಯವಲ್ಲ.

ಹಾಗೆಂದು ಆರೋಗ್ಯವೆಲ್ಲ ರೋಗಿಯ ಕೈಯಲ್ಲಿದೆಯೆಂದು ಸಾರುವುದೂ ತರವಲ್ಲ. ಮಧುಮೇಹಿಯ ರಕ್ತದಲ್ಲಿ ಸಕ್ಕರೆ ಏರಿದೊಡನೆ "ನೀವೇ ಏನೋ ತಿಂದಿರಬೇಕು" ಎಂದು ಗದರುವವರುಂಟು. ಸೋಂಕು, ಮಾನಸಿಕ ಒತ್ತಡ, ಬೇರೆ ಔಷಧಗಳು ಸಹ ಸಕ್ಕರೆಯನ್ನು ಏರಿಸಬಲ್ಲವು. ಫ್ಲೋರೈಡ್ ಮಿತಿಮೀರಿದ ಕೊಳವೆಬಾವಿಯ ನೀರನ್ನೇ ಕುಡಿದು ಬೆಳೆದ ಪಾವಗಡದ ಕಡೆಯ ರೈತನಿಗೆ, ಮೂಳೆನೋವಿಗೆ ನೀನೇ ಹೊಣೆಯೆಂದರೆ ಅದು ಉಪದೇಶವಾಗದೆ ನಿಂದೆಯಾಗುತ್ತದೆ. ಅಲ್ಲಿ ಪುರುಷಕಾರವನ್ನು ತೋರಬೇಕಾದದ್ದು ಸರಕಾರ.

ಶಾಲೆಗೂ ಇಲ್ಲೊಂದು ಕೆಲಸವಿದೆ. "ಜ್ವರದ ನಿಮಿತ್ತ ಎರಡು ದಿನ ರಜೆ ದಯಪಾಲಿಸಬೇಕು" ಎಂದು ಪತ್ರ ಬರೆಯಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯುತ್ತಾನೆ. ಆ ಜ್ವರ ಎಂದು ಬಂತು, ಯಾವ ಹೊತ್ತಿನಲ್ಲಿ ಏರಿತು, ಚಳಿಯಿತ್ತೇ, ಯಾವ ಮಾತ್ರೆ ನುಂಗಿದ್ದಾಯಿತು ಎಂಬುದನ್ನು ವೈದ್ಯರೆದುರು ಅಂಜದೆ, ಕ್ರಮವಾಗಿ ಹೇಳುವುದನ್ನು ಯಾವ ತರಗತಿಯೂ ಕಲಿಸುವುದಿಲ್ಲ. ಚರಕನು ಹೇಳಿದ ನಾಲ್ಕನೆಯ ಗುಣವಿದು. ಕನ್ನಡ ಪ್ರಬಂಧದ ಅವಧಿಯೊಂದನ್ನು ವರ್ಷಕ್ಕೊಮ್ಮೆ ಇದಕ್ಕೆ ಮೀಸಲಿಟ್ಟರೆ ಪಠ್ಯಕ್ರಮಕ್ಕೇನೂ ಭಾರವಾಗದು.